ಡ್ರೈಯರ್‌ನಲ್ಲಿ ಹಣ್ಣಾದ ರಸಬಾಳೆ

ಪುಟ್ಟಮಾದಣ್ಣ, ಅವತ್ತು ಅಷ್ಟೊಂದು ಇಟ್ಟಿಗೆ ಸೀಳುವಂತೆ ಮಾಡಿದವನು ನಾನು. ನಿನ್ನ ಮಿಶ್ರಣದಲ್ಲಿ ನೀರು ಹೆಚ್ಚಾಗಿರಲಿಲ್ಲ — ನಾನು ಡ್ರೈಯರ್‌ನಲ್ಲಿ ಬಾಳೆಗೊನೆ ಹಣ್ಣು ಮಾಡಿದ್ದೆ. ನಗು ಬಂದರೆ ನಕ್ಕುಬಿಡು. ಬರೆಯುವಾಗ ನನಗೂ ಬರುತ್ತಿದೆ, ಹಾಳಾದ್ದು! ಹದಿನೆಂಟು ವರ್ಷ ಬಾಯಿ ಹೊಲಿದುಕೊಂಡಿದ್ದವನಿಗೆ ನಗುವ ಹಕ್ಕಿದೆಯೋ ಇಲ್ಲವೋ...

ನಿನ್ನ ಮೊಮ್ಮಕ್ಕಳಿಗೂ ತಿಳಿಯಲಿ ಎಂದು ಬಿಡಿಸಿ ಬರೆಯುತ್ತೇನೆ. ನಂಜನಗೂಡಿನ ಕಾರ್ಖಾನೆಯಲ್ಲಿ ನಾವು ಮಾಡುತ್ತಿದ್ದುದು ಸ್ಪಿನೆಲ್ ಇಟ್ಟಿಗೆ. ಮೆಗ್ನೀಷಿಯಾ, ಅಲ್ಯೂಮಿನಾ ಪುಡಿಗಳಿಗೆ ನೀನು ಅಂಟು, ನೀರು ಹಾಕಿ ಕಲೆಸುತ್ತಿದ್ದೆ, ಯಂತ್ರ ಒತ್ತಿದ ಹಸಿ ಇಟ್ಟಿಗೆಯನ್ನು ನಾನು ಡ್ರೈಯರ್‌ನಲ್ಲಿ ಒಣಗಿಸುತ್ತಿದ್ದೆ, ಆಮೇಲೆ ಭಟ್ಟಿ. ಅಲ್ಲಿ ಪುಡಿ ಕರಗದೆಯೇ ಕಣಕ್ಕೆ ಕಣ ಬೆಸೆದು ಕಲ್ಲಾಗುತ್ತಿತ್ತು. ಸಿಮೆಂಟ್ ಸುಡುವ ದೊಡ್ಡ ಗೂಡುಗಳ ಒಳಮೈಗೆ ಹೊದಿಸುವುದು ಅದನ್ನೇ — ಕಬ್ಬಿಣ ನೀರಾಗುವ ಕಾವಿಗೂ ಜಗ್ಗದು. ಆದರೆ ಭಟ್ಟಿಗೆ ಹೋಗುವ ಮೊದಲು ಅದರೊಳಗೆ ತೇವ ಉಳಿಯಬಾರದು.

ನಿನ್ನ ಕೈ ಎಂದರೆ ಕಾರ್ಖಾನೆಗೇ ನಂಬಿಕೆ. ಒಂದು ಹಿಡಿ ಮಿಶ್ರಣ ಅಮುಕಿ, ಬೆರಳು ಬಿಚ್ಚಿ ನೋಡಿ, “ಇನ್ನೊಂದ್ ಚೊಂಬು ಬೇಕು ಕಣ್ಲಾ” ಎಂದರೆ ಲ್ಯಾಬಿನವರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆಗ ನನ್ನ ತಂಗಿಯ ನಿಶ್ಚಿತಾರ್ಥ. ತಿ. ನರಸೀಪುರದ ಬೀಗರ ಮುಂದೆ ಜಂಬ ಕೊಚ್ಚಿದ್ದೆ — ಎಲೆಗೆರಡು ರಸಬಾಳೆ, ಅದೂ ನಮ್ಮ ನಂಜನಗೂಡಿನದೇ! ಮಂಗಳವಾರ ಶಾಸ್ತ್ರ, ಶನಿವಾರ ಸಿಕ್ಕಿದ ಗೊನೆಗಳೋ ಒನಕೆಯಂತೆ ಗಟ್ಟಿ. ಮನೆಯಲ್ಲಿ ಹೊಗೆ ಹಾಕಿದರೆ ಯಾವ ಕಾಲಕ್ಕೋ. ಭಾನುವಾರ ಮೇಲಿನವರು ಯಾರೂ ಇರಲಿಲ್ಲ. ಡ್ರೈಯರ್‌ನ ಕಾವನ್ನು ಬಾಣಂತಿ ಕೋಣೆಯಷ್ಟಕ್ಕೆ ಇಳಿಸಿ, ಇಟ್ಟಿಗೆ ಗಾಡಿಗಳ ನಡುವೆ ಮೂರು ಗೊನೆ ನಿಲ್ಲಿಸಿದೆ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ — ಅಯ್ಯೋ, ಆ ಘಮ! ಗೊನೆ ಮನೆಗೆ, ಇಟ್ಟಿಗೆ ಭಟ್ಟಿಗೆ. ದಿನದ ಕಾವು ದಾಖಲಿಸುವ ಪುಸ್ತಕದಲ್ಲಿ ಎಂದಿನ ಕಾವನ್ನೇ ಬರೆದಿಟ್ಟೆ.

ನಿಶ್ಚಿತಾರ್ಥಕ್ಕೆ ನೀನೂ ಬನ್ನೂರಿನಿಂದ ಬಂದೆ. ನಾಲ್ಕು ಹಣ್ಣು ತಿಂದು, “ಬಾಳೆಅಣ್ಣು ಅಂದ್ರೆ ಇದು ಕಣ್ಲಾ ಸಿದ್ರಾಜ!” ಎಂದು ಬೆನ್ನು ತಟ್ಟಿದೆ. ನಾನು ಹಲ್ಲು ಕಿರಿದೆ.

ವಾರದ ಕೊನೆಗೆ ಭಟ್ಟಿ ತೆರೆದರೆ ಅರ್ಧಕ್ಕರ್ಧ ಇಟ್ಟಿಗೆ ಸೀಳು. ಒಳಗುಳಿದ ತೇವ ಆವಿಯಾಗಿ ಅವನ್ನು ಒಡೆದಿತ್ತು. ಮ್ಯಾನೇಜರ್ ನನ್ನ ಪುಸ್ತಕ ನೋಡಿ ಡ್ರೈಯರ್ ಸರಿಯಾಗಿದೆ ಎಂದರು. ನಿನ್ನತ್ತ ತಿರುಗಿ, “ನೀರು ಜಾಸ್ತಿ ಹಾಕಿದ್ದೀಯ” ಎಂದರು. ನೀನು ಜಗಳಕ್ಕೆ ನಿಲ್ಲುತ್ತೀಯ ಅಂದುಕೊಂಡಿದ್ದೆ. ನೀನು ನಿನ್ನ ಅಂಗೈಯನ್ನೇ ನೋಡಿಕೊಂಡೆ.

“ಇರ್ಬೋದು ಸಾ. ವಯಸ್ಸಾಯ್ತಲ್ಲ, ಕೈ ತಪ್ಪಿರ್ಬೋದು.”

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು — ನನ್ನ ಬಾಯಿಗೇನು ಬಡಿದಿತ್ತೋ...

ನಿನ್ನನ್ನು ಪ್ಯಾಕಿಂಗಿಗೆ ಹಾಕಿದರು. ನಿವೃತ್ತಿಯಾಗುವವರೆಗೂ ನೀನು ಮಿಶ್ರಣ ಮುಟ್ಟಲಿಲ್ಲ. ಬಾಯಿ ಬಿಟ್ಟಿದ್ದರೆ ಕೆಲಸ ಹೋಗುತ್ತಿತ್ತು, ತಂಗಿಯ ಮದುವೆ ನಿಲ್ಲುತ್ತಿತ್ತು ಎಂದೆಲ್ಲ ನಾನು ಬರೆಯಬಹುದು. ಬರೆಯುವುದಿಲ್ಲ. ಹೆದರಿದೆ, ಅಷ್ಟೇ.

ಮೊನ್ನೆ ನಮ್ಮ ಹೊಸ ಮ್ಯಾನೇಜರ್, ಹೊಸಬರಿಗೆ ಮಿಶ್ರಣದ ಹದ ಕಲಿಸಲು ನಿನ್ನನ್ನು ಕರೆದರಂತೆ. “ನನ್ ಕೈ ನಂಬ್ಬೇಡಿ ಸಾ, ಒಂದ್ಸಲ ಕೆಡ್ಸೈತೆ” ಎಂದೆಯಂತೆ ನೀನು. ಇವತ್ತು ಬೆಳಿಗ್ಗೆ ಅವರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಗೊನೆಯ ಮಾತಿಗೆ ನಕ್ಕರು. ನಿನ್ನ ಮಾತು ಬಂದಾಗ ನಗಲಿಲ್ಲ. ನನಗೇನು ಮಾಡುತ್ತಾರೋ ಅವರಿಗೆ ಬಿಟ್ಟದ್ದು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬನ್ನೂರಿನ ಬಸ್ಸು ಹತ್ತಿ ಬಂದು, ಅತ್ತಿಗೆಯ ಎದುರಿಗೇ ಓದುತ್ತೇನೆ. ಬಾಯ್ತುಂಬ ಬೈ. ಮನೆಯೊಳಗೆ ಸೇರಿಸದಿದ್ದರೆ ಜಗಲಿಯಲ್ಲೇ ನಿಂತು ಓದುತ್ತೇನೆ. ಆದರೆ ಸೋಮವಾರ ಕಾರ್ಖಾನೆಗೆ ಹೋಗು, ಅಣ್ಣ. ನಿನ್ನ ಕೈ ಒಂದು ದಿನವೂ ತಪ್ಪಿರಲಿಲ್ಲ.