ಬಸಮ್ಮತ್ತಿ ಹೇಳದ ‘ಡೆಫಿನೆಟ್ಲಿ’

...ಅದಕ್ಕೇ ಹೇಳಿದ್ದು, ತಪ್ಪು ಮೇಡಂದೂ ಅಲ್ಲ, ಬಸಮ್ಮತ್ತಿಯದೂ ಅಲ್ಲ. ನನ್ನದು. ಪೂರ್ತಿ ಓದಿ, ಆಮೇಲೆ ಬೈಯಿರಿ.

ಬಸಮ್ಮತ್ತಿ ಅಂದರೆ ಕುಷಾಯಿಗೂಡದಲ್ಲಿ ನಮ್ಮ ಮನೆಯ ಕೆಳಗಿನ ರೂಮಿನಲ್ಲಿರುವವರು. ಊರು ಯಾದಗಿರಿ ಕಡೆ, ದುಡಿಮೆಗೆ ಈ ಹೊರರಾಜ್ಯದ ನಗರಕ್ಕೆ ಬಂದವರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಇವರು ಎರಡು ಬೀದಿ ಆಚೆಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಅಜ್ಜನನ್ನು ಹಗಲು ಹೊತ್ತು ನೋಡಿಕೊಳ್ಳುತ್ತಾರೆ.

ಅಜ್ಜನಿಗೆ ಯಾರಾದರೂ ಹಿಡಿದುಕೊಳ್ಳದೆ ಏಳಲು ಆಗುವುದಿಲ್ಲ. ಅವರ ಮಗಳೇ ಮೇಡಂ. ಕೇರಳದವರು, ಹಿಂದಿ ಅಷ್ಟಕ್ಕಷ್ಟೆ. ಆಫೀಸಿನಿಂದ ಇಂಗ್ಲಿಷ್‌ನಲ್ಲೇ ಮೆಸೇಜ್ ಹಾಕುತ್ತಾರೆ.

ಬಸಮ್ಮತ್ತಿಗೆ ಓದಲು ಬರುವುದಿಲ್ಲ. ಮೆಸೇಜ್ ಬಂದರೆ ಫೋನ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. ನಾನು ಓದಿ ಹೇಳುತ್ತೇನೆ, ಅವರು ಹೇಳಿದ್ದನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡುತ್ತೇನೆ.

ಈಗ ನನ್ನ ಹುಚ್ಚಿನ ವಿಷಯ...

ನಾನೊಂದು ಸ್ಪೋಕನ್ ಇಂಗ್ಲಿಷ್ ಗ್ರೂಪಿನ ದೊಡ್ಡ ಫ್ಯಾನ್. ಅಲ್ಲಿನ ಸರ್ ಹೇಳಿದ್ದೇ ನನಗೆ ಕೊನೆ ಮಾತು. ಕ್ಯಾನ್, ವಿಲ್, ವುಡ್ ಒಂಟಿಯಾಗಿ ನಿಂತರೆ ವಾಕ್ಯ ಸಪ್ಪೆ, ಪಕ್ಕದಲ್ಲಿ ಇನ್ನೊಂದು ಪದ ಕೂರಿಸಿ ಅನ್ನುತ್ತಾರೆ. ಕ್ಯಾನ್ ಈಸಿಲಿ. ವಿಲ್ ಡೆಫಿನೆಟ್ಲಿ. ವುಡ್ ರಿಯಲಿ.

ದಿನವೂ ನಿಜವಾದ ಚಾಟ್‌ನಲ್ಲಿ ಬಳಸಿ ಸ್ಕ್ರೀನ್‌ಶಾಟ್ ಹಾಕಬೇಕು. ನನ್ನ ಜೊತೆ ಇಂಗ್ಲಿಷ್‌ನಲ್ಲಿ ಚಾಟ್ ಮಾಡುವವರು ಯಾರಿದ್ದಾರೆ? ಬಸಮ್ಮತ್ತಿಯ ಮೇಡಂ ಇದ್ದರು.

ಬಸಮ್ಮತ್ತಿ "ಗಂಜಿ ಮಾಡ್ತೀನಿ ಅನ್ನು" ಅಂದರೆ ನಾನು "ಐ ಕ್ಯಾನ್ ಈಸಿಲಿ ಮೇಕ್ ಗಂಜಿ" ಅಂತ ಹಾಕುತ್ತಿದ್ದೆ. ಬರೀ "ಹೂಂ ಅನ್ನು" ಅಂದರೆ "ಐ ವುಡ್ ರಿಯಲಿ ಲವ್ ಟು". ಹೆಸರು ಮರೆಮಾಡಿ ಗ್ರೂಪಿಗೆ ಹಾಕಿದರೆ ಸಾಕು, ಬೆಂಕಿ ಎಮೋಜಿಗಳ ಸುರಿಮಳೆ.

ಹೋದ ಶುಕ್ರವಾರ ಮೇಡಂ ಕೇಳಿದ್ದರು. ಭಾನುವಾರ ಸಂಬಂಧಿಕರ ಮದುವೆ, ಬೆಳಿಗ್ಗೆಯೇ ಹೋಗಬೇಕು, ಅಪ್ಪನ ಹತ್ತಿರ ಬರಲು ಆಗುತ್ತಾ ಅಂತ.

"ಐತ್ವಾರ ಸ್ಲ್ಯಾಬ್ ಹಾಕ್ತಾರೇನೋ ಗೊತ್ತಿಲ್ಲವ್ವಾ. ಸ್ಲ್ಯಾಬ್ ಇಲ್ಲಂದ್ರ ಬರ್ತೀನಿ. ಹಂಗ ಹಾಕು."

ಸ್ಲ್ಯಾಬ್ ಅಂದರೆ ಕಟ್ಟಡಕ್ಕೆ ಛಾವಣಿ ಹಾಕುವ ದಿನ. ಕಾಂಕ್ರೀಟ್ ಕಲಸಲು ಶುರು ಮಾಡಿದರೆ ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಅವತ್ತು ಊರಿನಿಂದ ಒಟ್ಟಿಗೆ ಕೆಲಸಕ್ಕೆ ಬಂದವರ ಗುಂಪಿನಲ್ಲಿ ಗಂಡಸರು, ಹೆಂಗಸರು ಎಲ್ಲರೂ ಬುಟ್ಟಿ ಹಿಡಿಯಲೇಬೇಕು, ತಪ್ಪಿಸಿಕೊಂಡವರನ್ನು ಗುಂಪು ಮರೆಯುವುದಿಲ್ಲ.

ಇಷ್ಟೆಲ್ಲ ಇಂಗ್ಲಿಷ್‌ನಲ್ಲಿ ಯಾರು ಬರೆಯುತ್ತಾರೆ? ಸರ್ ‘ವಿಲ್ ಪ್ರಾಬಬ್ಲಿ’ಯನ್ನೂ ಕಲಿಸಿದ್ದರು, ನಿಜ. ಆದರೆ ಅದಕ್ಕೆ ಲೈಕ್ ಬರುತ್ತಿರಲಿಲ್ಲ. ಹೆದರಿಕೊಂಡು ಮಾತಾಡಿದ ಹಾಗೆ ಕಾಣುತ್ತಿತ್ತು.

ನಾನು ಹಾಕಿದ್ದು: ಐ ವಿಲ್ ಡೆಫಿನೆಟ್ಲಿ ಕಮ್.

"ಹಾಕಿದೇನು?"

"ಹಾಕೀನ್ರೀ ಅತ್ತಿ."

ಭಾನುವಾರ ಸ್ಲ್ಯಾಬ್ ಇತ್ತು. ಸ್ಲ್ಯಾಬ್ ಇದ್ದರೆ ಬರುವುದಿಲ್ಲ ಅಂತ ಮೇಡಂಗೆ ಗೊತ್ತೇ ಇದೆ ಅಂದುಕೊಂಡು ಬಸಮ್ಮತ್ತಿ ಫೋನನ್ನು ರೂಮಿನಲ್ಲೇ ಚಾರ್ಜಿಗೆ ಬಿಟ್ಟು ಗಂಡನ ಜೊತೆ ಹೊರಟರು.

ಅಲ್ಲಿ ಮೇಡಂ ಮನೆಯ ಕೀಲಿಯನ್ನು ವಾಚ್‌ಮನ್ ಕೈಗೆ ಕೊಟ್ಟು, ಇನ್ನೇನು ಬರುತ್ತಾಳೆ ಅಂದುಕೊಂಡು ಮದುವೆಗೆ ಹೋಗಿಬಿಟ್ಟಿದ್ದಾರೆ.

ಕೀಲಿ ಇನ್ನೂ ತನ್ನ ಹತ್ತಿರವೇ ಇದೆಯಲ್ಲ ಅಂತ ವಾಚ್‌ಮನ್‌ಗೆ ಹೊಳೆದಾಗ ಮಧ್ಯಾಹ್ನ ದಾಟಿತ್ತು. ಬಾಗಿಲು ತೆಗೆದು ನೋಡಿದರೆ ಅಜ್ಜ ಮಂಚದ ಮೇಲೆ ಒಬ್ಬರೇ. ಊಟವಿಲ್ಲ. ಹಾಸಿಗೆ ಒದ್ದೆ...

ಸೋಮವಾರ ಬೆಳಿಗ್ಗೆ ಮೆಸೇಜ್ ಬಂತು. ನಡೆದದ್ದನ್ನೆಲ್ಲ ಬರೆದು, ಇನ್ನು ಬರಬೇಡ ಅಂದಿದ್ದರು. ಮಾತು ಕೊಟ್ಟು ತಪ್ಪುವವರ ಕೈಯಲ್ಲಿ ಅಪ್ಪನನ್ನು ಬಿಡಲಾರೆ ಅಂತ.

ಓದಿ ಹೇಳಿದೆ. ಬಸಮ್ಮತ್ತಿ ಮೆಟ್ಟಿಲ ಮೇಲೇ ಕೂತುಬಿಟ್ಟರು.

"ನಾ ಯಾವಾಗ ಮಾತು ಕೊಟ್ಟೀನಿ? ಸ್ಲ್ಯಾಬ್ ಇಲ್ಲಂದ್ರ ಅಂದಿದ್ದೆ. ನೀ ಹಾಕಿದ್ದಿಲ್ಲೇನು?"

ಶುಕ್ರವಾರದ ಮೆಸೇಜ್ ತೆಗೆದು ಕನ್ನಡದಲ್ಲಿ ಓದಿ ಹೇಳಿದೆ: ಖಂಡಿತ ಬರ್ತೀನಿ. ಅವರಿಗೆ ಅರ್ಥವಾಯಿತು.

ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ. "ಆಮ್ಯಾಲರ ಅಜ್ಜ ಉಂಡ್ರಂತೇನು?"

ಅವತ್ತು ನಾನು ಕಾಲೇಜಿಗೆ ಹೋಗಲಿಲ್ಲ. ಇಬ್ಬರೂ ಮೇಡಂ ಮನೆಗೆ ಹೋದೆವು. ಅವರು ರಜೆ ಹಾಕಿದ್ದರು, ಕಣ್ಣು ಊದಿಕೊಂಡಿತ್ತು. ಬಸಮ್ಮತ್ತಿ ಹೇಳಿದ್ದು ಇದು, ನಾನು ಬರೆದಿದ್ದು ಇದು, ತಪ್ಪು ನನ್ನದು ಅಂತ ಒಂದೇ ಉಸಿರಿಗೆ ಹೇಳಿದೆ.

ಮೇಡಂ ಫೋನ್ ತೆಗೆದು ಹಳೆಯ ಮೆಸೇಜ್‌ಗಳನ್ನು ಸರಿಸುತ್ತಾ ಹೋದರು. ‘ವುಡ್ ರಿಯಲಿ ಲವ್ ಟು’ ಹತ್ತಿರ ಬೆರಳು ನಿಂತಿತು. ಇದೂ ನೀನೇನಾ ಅಂದರು.

ಅದನ್ನು ಅವರು ಅಪ್ಪನಿಗೆ ಓದಿ ಹೇಳಿದ್ದರಂತೆ. ನೋಡಿ, ನಿಮ್ಮ ಹತ್ತಿರ ಇರುವುದು ಆಕೆಗೆ ಎಷ್ಟು ಇಷ್ಟ ಅಂತ.



ಹಾಗಾದರೆ ಆಕೆಗೆ ಈ ಕೆಲಸ ಇಷ್ಟವಿಲ್ಲವಾ, ಕೇಳು ಅಂದರು ಮೇಡಂ. ಕೇಳಿದೆ.

"ಇಷ್ಟ ಗಿಷ್ಟ ನನಗ ಗೊತ್ತಿಲ್ಲವ್ವಾ. ಅಜ್ಜ ಉಣ್ಣಾಕ ಒಲ್ಲೆ ಅಂತಾರ, ನಾ ಬೈದು ಉಣಸ್ತೀನಿ. ಅವರೂ ನನಗ ಬೈತಾರ. ಬರಾಕ ಆದ್ರ ಬರ್ತೀನಿ, ಆಗಂಗಿಲ್ಲಂದ್ರ ಆಗಂಗಿಲ್ಲ ಅಂತೀನಿ. ಹಿಂಗ ಹೇಳು. ನಿಂದೇನೂ ಕೂಡಿಸಬ್ಯಾಡ."

ಕೂಡಿಸದೆ ಹೇಳಿದೆ. ಇಂಗ್ಲಿಷ್‌ನಲ್ಲಿ ಬೋಳು ಬೋಳಾಗಿ ಕೇಳಿಸಿತು. ಮೇಡಂ ಫೋನ್ ಕೆಳಗಿಟ್ಟು ಬಸಮ್ಮತ್ತಿಯ ಕಡೆ ತಿರುಗಿದರು.

ಅಷ್ಟರಲ್ಲಿ ಒಳಗಿನಿಂದ ಅಜ್ಜನ ದನಿ, ಬಂದೆಯಾ ಅಂತ ಹಿಂದಿಯಲ್ಲಿ. "ಬಸಮ್ಮಾ... ಆಯೀ ಕ್ಯಾ?"

"ಆಯೀರೀ ಅಜ್ಜಾ, ಆಯೀ!" ಅನ್ನುತ್ತಾ ಬಸಮ್ಮತ್ತಿ ಯಾರ ಅಪ್ಪಣೆಗೂ ಕಾಯದೆ ಒಳಗೆ ನಡೆದೇಬಿಟ್ಟರು. ಮೇಡಂ ತಡೆಯಲಿಲ್ಲ.

ಬಸಮ್ಮತ್ತಿಯ ಕೆಲಸ ಉಳಿದಿದೆ. ಒಂದು ತಿಂಗಳು ನೋಡುತ್ತೇನೆ ಅಂದಿದ್ದಾರೆ ಮೇಡಂ. ಇನ್ನು ಮೆಸೇಜ್ ಇಲ್ಲ, ಹರಕು ಮುರುಕು ಹಿಂದಿಯಲ್ಲೇ ಆಕೆಗೆ ನೇರವಾಗಿ ಫೋನ್ ಮಾಡುತ್ತಾರಂತೆ.

ಬೇರೆಯವರ ಮಾತಿಗೆ ನಾವು ಸೇರಿಸುವ ಒಂದು ಪದವನ್ನು ಆಮೇಲೆ ಹೊರಬೇಕಾದವರು ಅವರೇ.

ಅಮ್ಮನಿಗಾಗಿಯೋ, ಪಕ್ಕದ ಮನೆಯವರಿಗಾಗಿಯೋ ಟೈಪ್ ಮಾಡುವಾಗ ಅವರು ಹೇಳದ ಒಂದೇ ಒಂದು ಪದವನ್ನೂ ನಾನು ಸೇರಿಸಿಲ್ಲ ಅಂತ ಕೆಳಗೆ ಬರೆಯುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?