ಮಾವಿಗೆ ಕಟ್ಟಿದ ತುಳಸಿ ಗೆರಟೆ

ಕುಲಶೇಖರದ ನಮ್ಮ ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ತುಳಸಿಕಟ್ಟೆ ಎಲ್ಲ ಆದ ಮೇಲೆ ಉಳಿದ ಮೂಲೆಯನ್ನು ಒಂದು ಮುಂಡಪ್ಪ ಜಾತಿಯ ಮಾವಿನ ಮರ ಹಿಡಿದುಕೊಂಡಿದೆ. ನೆಟ್ಟವರು ನನ್ನ ಅತ್ತೆ. ಮೇ ತಿಂಗಳಲ್ಲಿ ಅದರ ಹಣ್ಣನ್ನು ಪೇಪರಿನಲ್ಲಿ ಸುತ್ತಿ ಓಣಿಯ ಏಳು ಮನೆಗೆ ಹಂಚುವವರೂ ಅವರೇ. ಹಂಚುವ ದಿನ ಅವರ ನಡಿಗೆಯೇ ಬೇರೆ.

ಕಳೆದ ವರ್ಷ ಹಂಚಿ ಮೂರು ದಿನವಾಗಿತ್ತು. ಬೆಳಿಗ್ಗೆ ಕಸದ ಗಾಡಿ ಬಂದಾಗ ಪಕ್ಕದ ಮನೆಯ ಟೀಚರ್ ತಮ್ಮ ಹಸಿಕಸದ ಬಕೆಟ್ ಮಗುಚಿದರು. ನಮ್ಮದೇ ಆರು ಹಣ್ಣುಗಳು ಬಿದ್ದವು. ಒಂದನ್ನು ಕೊಯ್ದು ನೋಡಿದ್ದರು. ಹೋಳಿನಲ್ಲಿ ಬಿಳಿ ಹುಳಗಳು ಕುಪ್ಪಳಿಸುತ್ತಿದ್ದವು. ಅತ್ತೆಯೂ ನಾನೂ ನಮ್ಮ ಬಕೆಟ್ ಹಿಡಿದು ಹಿಂದೆಯೇ ನಿಂತಿದ್ದೆವು. ಟೀಚರ್ ತಿರುಗಿ ನೋಡದೆ ಒಳಗೆ ಹೋದರು. ಅತ್ತೆ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಮರುದಿನ, "ಈ ಮರ ಕಡಿಸುವ" ಎಂದರು.

ದುಬೈಯಲ್ಲಿರುವ ನನ್ನ ಗಂಡನಿಗೆ ಫೋನಿನಲ್ಲಿ ಹೇಳಿದರೆ, "ಒಳ್ಳೆದಾಯ್ತು, ಕಾರಿಗೆ ಜಾಗ ಆಗ್ತದೆ" ಎಂದರು. ನಮ್ಮಲ್ಲಿ ಕಾರು ಇನ್ನೂ ಇಲ್ಲ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮರದ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಒಂದು ಗೋಧಿಕಾಳಿನಷ್ಟಿರುವ ಹಣ್ಣುನೊಣಕ್ಕೆ ಸೋಲುವುದು ಸರಿ ಕಾಣಲಿಲ್ಲ. "ಒಂದು ವರ್ಷ ಬಿಡಿ ಮಾಮಿ, ನಾನು ನೋಡ್ತೇನೆ" ಎಂದೆ. ಅತ್ತೆಯನ್ನು ನಾವು ಕರೆಯುವುದು ಹಾಗೆಯೇ.

"ಮತ್ತೂ ಹುಳ ಬಂದ್ರೆ?"

"ಕಡಿಸುವ."

ಈ ನೊಣದ ಸಂಸಾರ ನಡೆಯುವುದೇ ವಾಸನೆಯ ಮೇಲೆ. ಮಾವು ಬಲಿತು ಪರಿಮಳ ಬಿಡತೊಡಗಿದರೆ ಹೆಣ್ಣುನೊಣ ಹುಡುಕಿಕೊಂಡು ಬಂದು ಸಿಪ್ಪೆಯೊಳಗೆ ಮೊಟ್ಟೆ ಚುಚ್ಚುತ್ತದೆ. ಗಂಡಿಗೆ ಬೇಕಾದ ವಾಸನೆ ಬೇರೆ. ಅದು ತುಳಸಿಯಲ್ಲಿದೆ, ನಮ್ಮ ಪುಸ್ತಕದಲ್ಲಿ ಅದರ ಹೆಸರು ಮಿಥೈಲ್ ಯುಜೆನಾಲ್. ಗಂಡುನೊಣ ಅದನ್ನು ಹೀರಿ, ಹೆಣ್ಣನ್ನು ಒಲಿಸಲು ಅದರಿಂದಲೇ ತನ್ನದೊಂದು ಅತ್ತರು ಮಾಡಿಕೊಳ್ಳುತ್ತದೆ. ಜಜ್ಜಿದ ತುಳಸಿಯನ್ನು ಸೋಪುನೀರಿನಲ್ಲಿ ಕಲಸಿ ತೆಂಗಿನ ಗೆರಟೆಯಲ್ಲಿ ಇಟ್ಟು ಮರಕ್ಕೆ ಕಟ್ಟಿದರೆ ಗಂಡುಗಳು ಬಂದು ಮುಳುಗುತ್ತವೆ. ಜೋಡಿ ಸಿಗದ ಹೆಣ್ಣಿನ ಮೊಟ್ಟೆಯಿಂದ ಹುಳವಾಗುವುದಿಲ್ಲ.

ಅತ್ತೆ ಮೊದಲು ಸಿಡುಕಿದರು. "ದೇವರಿಗೆ ಇಡುವುದನ್ನು ಕೊಲ್ಲಲಿಕ್ಕೆ ಹಾಕ್ತೀಯಾ?" ಕೊನೆಗೆ ಒಪ್ಪಂದವಾಯಿತು. ಕಟ್ಟೆಯ ತುಳಸಿಯನ್ನು ಮುಟ್ಟಬಾರದು. ಹಿತ್ತಿಲಿನಲ್ಲಿ ಹಳೆಯ ಪೈಂಟ್ ಡಬ್ಬಗಳಲ್ಲಿ ಬೇರೆ ಸಸಿ ಮಾಡಬೇಕು. ಅದನ್ನೂ ಮಂಗಳವಾರ, ಶುಕ್ರವಾರ ಕೊಯ್ಯಬಾರದು.

"ಗಂಡುಗಳು ಮಾತ್ರ ಬರುವುದಾ?" ಗೆರಟೆಗೆ ಹಗ್ಗ ಕಟ್ಟುತ್ತ ಕೇಳಿದರು.

"ಹೌದು."

"ಹೆಣ್ಣುಗಳು ಎಂತ ಮಾಡ್ತವೆ ಹಾಗಾದ್ರೆ?"

"ಕಾಯ್ತವೆ."

"ನಿನ್ನ ಹಾಗೆ" ಎಂದು ನಕ್ಕರು. ಅವರ ಮಗನೂ ಊರಿಗೆ ಬರುವಾಗ ಅತ್ತರಿನ ಬಾಟಲಿ ತರುವುದುಂಟು.

ಏಪ್ರಿಲಿನಲ್ಲಿ ಎಂಟು ಗೆರಟೆ ಕಟ್ಟಿದೆವು. ಎರಡೇ ದಿನದಲ್ಲಿ ನೀರು ಕಾಣದಷ್ಟು ನೊಣ ಬಿದ್ದವು. ಅಷ್ಟರಲ್ಲಿ ನನಗೆ ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಂತು. "ಪರಿಮಳ ಹೋದ ಕೂಡ್ಲೆ ಬೇರೆ ಸೊಪ್ಪು ಹಾಕಿ" ಎಂದು ಕೆಲಸವನ್ನು ಅತ್ತೆಗೆ ವಹಿಸಿದೆ. ಹತ್ತು ದಿನ ಕಳೆದು ಹೋಗಿ ನೋಡಿದರೆ ಗೆರಟೆಯಲ್ಲಿ ಒಂದು ಹೊಸ ನೊಣವೂ ಇರಲಿಲ್ಲ, ಮರದ ಸುತ್ತ ಮಾತ್ರ ಹಾರಾಡುತ್ತಿದ್ದವು.

"ಸೊಪ್ಪು ಬದಲಿಸ್ಲಿಲ್ವಾ ಮಾಮಿ?"

"ಇನ್ನೂ ಪರಿಮಳ ಉಂಟಲ್ಲ."

ಗೆರಟೆ ಇಳಿಸಿ ಮೂಸಿದೆ. ಕೊಳೆತ ನೀರಿನ ನಾತ ತಲೆಗೆ ಹೊಡೆಯಿತು. ಅವರ ಮೂಗಿನ ಹತ್ತಿರ ಹಿಡಿದೆ. ಅತ್ತೆ ಮುಖ ಹಿಂಡಲಿಲ್ಲ. ನನ್ನ ಮುಖ ನೋಡಿದ ಮೇಲೆ ಹಿಂಡಿದರು.

ಬಾವಿಕಟ್ಟೆಯ ಮೇಲೆ ಕುಳಿತು ಹೇಳಿದರು. ಕೊರೊನಾ ಬಂದಾಗ ಹೋದ ಮೂಗು ಎಲ್ಲರಿಗೂ ತಿರುಗಿ ಬಂತು, ಅವರಿಗೆ ಬರಲಿಲ್ಲ. ಒಗ್ಗರಣೆಯನ್ನು ಸದ್ದು ಕೇಳಿ, ಮೀನನ್ನು ಕಿವಿರು ನೋಡಿ ನಡೆಸುತ್ತಿದ್ದರು.

"ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಗ್ಯಾಸಿನ ಹತ್ತಿರ ಹೋಗ್ಬೇಡಿ ಅಂತೀಯ. ಮತ್ತೆ ನಾನು ಈ ಮನೆಯಲ್ಲಿ ಎಂತ ಮಾಡುವುದು?"

ಆಗ ನನಗೆ ಬೇರೆ ಒಂದು ನೆನಪಾಯಿತು. ಕಳೆದ ವರ್ಷ ಇದೇ ದಿನಗಳಲ್ಲಿ ಅತ್ತೆ ದಿನಾ ಸಂಜೆ ಒಂದು ಮಾವನ್ನು ಕೊಯ್ದು ನನ್ನ ಮೇಜಿನ ಹತ್ತಿರ ತರುತ್ತಿದ್ದರು. "ಪರಿಮಳ ಬಂತಾ ನೋಡು." ಮೊದಲ ಪರಿಮಳ ತೊಟ್ಟಿನ ಹತ್ತಿರ ಸುಳಿದ ದಿನವೇ ಮರದ ಕಾಯನ್ನೆಲ್ಲ ಕೊಯ್ದು ಬೈಹುಲ್ಲಿನಲ್ಲಿ ಇಡುವುದು ಅವರ ಕ್ರಮ, ಎರಡು ದಿನ ತಡವಾದರೆ ನೊಣದ ಪಾಲು. ಬಂತು ಎಂದರೆ ದೋಟಿ ಹಿಡಿದು ಕಾಯಿ ಇಳಿಸುವ ಕೆಲಸ ನನ್ನ ತಲೆಗೆ. ನಾನು ಉತ್ತರಪತ್ರಿಕೆಗಳಿಂದ ತಲೆ ಎತ್ತದೆ "ಇನ್ನೂ ಇಲ್ಲ ಮಾಮಿ" ಎನ್ನುತ್ತಿದ್ದೆ. ಒಂದು ವಾರ ಹಾಗೆಯೇ ಅಂದಿದ್ದೇನೆ. ಒಂದು ದಿನವೂ ಮೂಸಿರಲಿಲ್ಲ.

ಟೀಚರ ಬಕೆಟ್ಟಿಗೆ ಆ ಹುಳಗಳನ್ನು ಕಳಿಸಿದವಳು ನಾನು. ಇದನ್ನು ಬಾವಿಕಟ್ಟೆಯಲ್ಲಿ ಹೇಳಬೇಕಿತ್ತು. ನಾಚಿಕೆಯಾಯಿತು, ಹೇಳಲಿಲ್ಲ.

ಆಮೇಲೆ ಮೂರು ದಿನಕ್ಕೊಮ್ಮೆ ನಾನೇ ಮೂಸಿ ಸೊಪ್ಪು ಬದಲಿಸಿದೆ. ಸಂಜೆ ಅತ್ತೆ ತಂದ ಮಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಗಿಗೆ ಹಿಡಿದೆ. ಐದನೆಯ ದಿನ ತೊಟ್ಟಿನಲ್ಲಿ ತೆಳ್ಳಗೆ ಏನೋ ಸುಳಿದಂತಾಯಿತು. "ಬಂತು" ಎಂದೆ. ಮರುದಿನ ಕಾಲೇಜಿಗೆ ರಜೆ ಹಾಕಿ ದೋಟಿ ಹಿಡಿದೆ. ಗ್ಯಾಸಿನ ವಿಷಯ ನಾನು ಎತ್ತಲಿಲ್ಲ. ವಾಸನೆ ಬಂದರೆ ಕಿರುಚುವ ಒಂದು ಯಂತ್ರ ತಂದು ಒಲೆಯ ಹತ್ತಿರ ಗೋಡೆಗೆ ಹಾಕಿಸಿದೆ.

ಹಣ್ಣಾದ ಮೇಲೆ ಹತ್ತು ಕೊಯ್ದು ನೋಡಿದೆವು. ಒಂದರಲ್ಲಿ ಹುಳವಿತ್ತು, ಒಂಬತ್ತು ಚೊಕ್ಕ. ಅತ್ತೆ ಚೊಕ್ಕವಾದ ಹೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮರ ಕಡಿಸುವ ಮಾತು ಮತ್ತೆ ಬರಲಿಲ್ಲ.

ಹಂಚುವ ದಿನ ಅತ್ತೆ ಮೊದಲು ಟೀಚರ ಗೇಟಿಗೇ ಹೋದರು. ಚೀಲ ಹಿಡಿದು ನಾನು ಹಿಂದೆ. ಪೇಪರ್ ಸುತ್ತಿರಲಿಲ್ಲ. ಟೀಚರ್ ಹಣ್ಣು ತೆಗೆದುಕೊಳ್ಳಲು ಸ್ವಲ್ಪ ಅನುಮಾನಿಸಿದರು.

"ಧೈರ್ಯದಲ್ಲಿ ತೆಗೊಳ್ಳಿ ಟೀಚರ್" ಎಂದರು ಅತ್ತೆ. "ಕಳೆದ ವರ್ಷದ್ದನ್ನು ನೀವು ಗಾಡಿಗೆ ಹಾಕಿದ್ದು ನಾನು ನೋಡಿದ್ದೇನೆ. ನನಗೆ ಮೂಗು ಇಲ್ಲ. ಇವಳ ಹತ್ತಿರ ಕೇಳಿಯೇ ಕೊಯ್ಯುವುದು."

ಟೀಚರ್ ಎರಡೂ ಕೈ ಚಾಚಿದರು. ಅತ್ತೆ ಒಂದೊಂದೇ ಹಣ್ಣನ್ನು ಅವರ ಕೈಗೆ ಇಟ್ಟರು. ಕೊನೆಯದನ್ನು ಇಡುವಾಗ, ನನ್ನ ಕಡೆ ನೋಡದೆ ಹೇಳಿದರು:

"ಈ ವರ್ಷ ಇವಳು ಮೂಸಿ ಹೇಳಿದ್ದಾಳೆ."