ತೇಲಿದ ಬೀಜ

ಶ್ರೀನಗರದ ಮನೆಯ ಗೇಟು ತೆರೆಯುವಾಗಲೇ ಸೀತಮ್ಮನಿಗೆ ತುಪ್ಪದ ವಾಸನೆ ಬಂತು. ತುಪ್ಪದ ಜೊತೆಗೆ ಇನ್ನೊಂದು ವಾಸನೆಯೂ ಇತ್ತು; ಎಳ್ಳಿನದಲ್ಲ, ಕಡಲೆಬೀಜದ್ದೂ ಅಲ್ಲ. ಇಟ್ಟಮಡುವಿನಲ್ಲಿ ಗೆಳತಿ ಈಶ್ವರಮ್ಮನ ಮಗಳ ಮದುವೆ ಮುಗಿಸಿಕೊಂಡು ಎರಡು ದಿನದ ಮೇಲೆ ಮರಳಿದ್ದಳು. ಕೈಚೀಲವನ್ನು ಅಂಗಳದಲ್ಲೇ ಬಿಟ್ಟು ಒಳಗೆ ಓಡಿದಳು. ಅರವತ್ತೆಂಟರ ಹೆಂಗಸು ಹಾಗೆ ಓಡಿದ್ದನ್ನು ಎದುರುಮನೆಯವರು ಕಾಂಪೌಂಡಿನ ಮೇಲಿಂದ ನೋಡಿದರು.

ಒಲೆಯ ಮುಂದೆ ತಮ್ಮ ಬದರಿನಾಥ ನಿಂತಿದ್ದ. ಬಾಣಲೆಯಲ್ಲಿ ಭಂಗಿಯ ಬೀಜ ಚಟಪಟ ಅನ್ನುತ್ತಿತ್ತು.

"ಏನೋ ಮಾಡ್ತಿದೀಯ?"

"ಶೋಧನೆ" ಎಂದ ಅವನು, ಸೌಟು ಆಡಿಸುತ್ತಲೇ. "ಟೀವಿ ನೋಡ್ಲಿಲ್ವಾ? ಬಿಟಿಎಂನಲ್ಲಿ ಯಾವನೋ ಬಾಲ್ಕನೀಲಿ ಗಾಂಜಾ ಬೆಳ್ಸಿದ್ನಂತೆ, ಎಳ್ಕೊಂಡ್ ಹೋದ್ರು. ನಮ್ಮ ಫ್ರಿಜ್ಜಲ್ಲಿ ಒಂದು ಡಬ್ಬಿ ಇಟ್ಕೊಂಡು ನಾನು ಹೇಗೆ ನಿದ್ದೆ ಮಾಡ್ಲಿ ಅಕ್ಕ? ತಾತ ಏನ್ ಹೇಳ್ತಿದ್ರು? ಶೋಧನೆ ಆಗದ ವಿಷ ಮನೇಲಿ ಇರಕೂಡದು. ತಿಳಿ ನೀರು ಬರೋ ತನಕ ತೊಳ್ದೆ, ನೆರಳಲ್ಲಿ ಆರಿಸ್ದೆ, ಈಗ ತುಪ್ಪದಲ್ಲಿ ಹುರೀತಿದೀನಿ. ಒಂದು ಕ್ರಮ ತಪ್ಪಿಲ್ಲ."

"ಅದು ಎಲೆಗೆ ಕಣೋ! ತಾತ ಶೋಧನೆ ಮಾಡ್ತಿದ್ದಿದ್ದು ಎಲೇನ! ಬೀಜಾನ ಯಾರಾದ್ರೂ ಹುರೀತಾರಾ?"

ಬದರಿನಾಥನ ಸೌಟು ನಿಂತಿತು. ಒಲೆ ಆರಿಸಿದ್ದು ಸೀತಮ್ಮನೇ. ಬಾಣಲೆಯಿಂದ ಒಂದು ಬೀಜ ತೆಗೆದು ಉಗುರಲ್ಲಿ ಒಡೆದು ನೋಡಿದಳು. ಒಳಗಿನ ಬಿಳುಪು ಕಂದು ಬಣ್ಣಕ್ಕೆ ತಿರುಗಿತ್ತು; ಇನ್ನು ಅದು ಮೊಳೆಯುವಂತಿರಲಿಲ್ಲ.

ತಾತ ಚಕ್ರಪಾಣಿ ಪಂಡಿತರು ಇದೇ ಮನೆಯ ಜಗಲಿಯಲ್ಲಿ ಕೂತು ಮದ್ದು ಕೊಡುತ್ತಿದ್ದವರು. ಊಟ ದಕ್ಕದವರಿಗೆ, ನಿದ್ದೆ ಹತ್ತದವರಿಗೆ ಅವರದೊಂದು ಲೇಹ್ಯವಿತ್ತು. ಅದಕ್ಕೆ ಬೇಕಾದ ಭಂಗಿ ಹಿತ್ತಲಲ್ಲೇ ಬೆಳೆಯುತ್ತಿತ್ತು. ಅವರ ಗುರುಗಳು ದೇವರಾಯನದುರ್ಗದ ಕಡೆಯಿಂದ ತಂದ ತಳಿ. ಕೆಂಪು ದಂಟು, ಮರುಗವನ್ನೂ ಮಾವಿನಕಾಯಿಯ ಸೊನೆಯನ್ನೂ ಒಟ್ಟಿಗೆ ನೆನಪಿಸುವ ವಾಸನೆ, ಬೀಜದ ಮೈಮೇಲೆ ಹುಲಿಯ ಪಟ್ಟೆ. ಹಿಂಗಾರಿನಲ್ಲಿ ವಾರಗಟ್ಟಲೆ ನೆಂದರೂ ಹೂವಿಗೆ ಬೂಷ್ಟು ಹಿಡಿಯುತ್ತಿರಲಿಲ್ಲ. ಇನ್ನೆಲ್ಲೂ ಸೀತಮ್ಮ ಅಂಥ ಗಿಡವನ್ನು ಕಾಣಲಿಲ್ಲ. ಸಸ್ಯಶಾಸ್ತ್ರ ಓದಿ, ಜಯನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅದನ್ನೇ ಪಾಠ ಮಾಡಿ, ರಜೆಯಲ್ಲಿ ಊರೂರು ಸುತ್ತಿದರೂ ಕಾಣಲಿಲ್ಲ.

ಆಮೇಲೆ ಕಾನೂನು ಬಂತು. ಬೀಜ ಇಟ್ಟುಕೊಂಡರೆ ತಪ್ಪಲ್ಲ, ಬಿತ್ತಿದರೆ ಜೈಲು. ಬಿತ್ತದ ಬೀಜ ಎಷ್ಟು ದಿನ ಬದುಕೀತು ಎಂದು ಅದನ್ನು ಬರೆದವರು ಯಾರೂ ಕೇಳಿಕೊಂಡಂತಿರಲಿಲ್ಲ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಸೀತಮ್ಮ, ಮೂರು ನಾಲ್ಕು ವರ್ಷಕ್ಕೊಮ್ಮೆ ಮಹಡಿಯ ಮೇಲೆ ತೊಗರಿಗಿಡಗಳ ಮರೆ ಕಟ್ಟಿ, ನಡುವೆ ತಾತನ ಗಿಡ ಬೆಳೆಸಿ, ಬೀಜವಾದೊಡನೆ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು. ಒಂದು ಎಲೆಯನ್ನೂ ಬಾಯಿಗೆ ಹಾಕಿದವಳಲ್ಲ. ಪ್ರತಿ ಸಲವೂ ಕಳ್ಳಿಯ ಹಾಗೆ ಮೆಟ್ಟಿಲು ಹತ್ತಿದಳು, ಪ್ರತಿ ಸಲವೂ ಅದಕ್ಕಾಗಿ ಸಿಟ್ಟಾದಳು. ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದು ಅದರ ಕಿಟಕಿಗಳೆಲ್ಲ ಇವರ ಮಹಡಿಯ ಕಡೆ ತೆರೆದ ಮೇಲೆ ಅದೂ ನಿಂತಿತು. ಆರು ವರ್ಷವಾಯಿತು. ಇನ್ನು ತಡವಾದರೆ ಬೀಜ ಏಳುವುದಿಲ್ಲ ಅನ್ನುವ ಹೊತ್ತಿಗೆ ಹಳೆಯ ಶಿಷ್ಯ ಸುಮೇಧ ಫೋನು ಮಾಡಿದ್ದ. ಕನಕಪುರ ರಸ್ತೆಯ ಆಚೆ ಅವನ ಸಂಶೋಧನಾ ತೋಟಕ್ಕೆ ಸರ್ಕಾರದ ಪರವಾನಗಿ ಸಿಕ್ಕಿತ್ತು. ಸೋಮವಾರ ಅಲ್ಲಿ ತಾತನ ಬೀಜದ ಬಿತ್ತನೆ.

ಇವತ್ತು ಶನಿವಾರ. ಸೀತಮ್ಮ ಸುಮೇಧನಿಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿದಳು.

"ಅಯ್ಯೋ, ಬೇಜಾರ್ ಮಾಡ್ಕೋಬೇಡಿ ಮೇಡಂ" ಎಂದ ಅವನು. "ಪರ್ಮಿಶನ್ ಏನೂ ವೇಸ್ಟ್ ಆಗಲ್ಲ. ಹಾಲೆಂಡಿನ ಬೀಜ ರೆಡಿ ಇದೆ, ಸಖತ್ತಾಗಿ ಬರುತ್ತೆ. ಅದನ್ನೇ ಹಾಕ್ತೀವಿ."

"ನಿಮ್ಮಜ್ಜಿ ಹೋಗ್ಬಿಟ್ರೆ ಎದುರುಮನೆ ಅಜ್ಜೀನ ಕರ್ಕೊಂಡ್ ಬಂದು ಕೂರಿಸ್ಕೋತೀಯೇನೋ?"

ಪಕ್ಕದಲ್ಲಿದ್ದ ಬದರಿನಾಥ ಮೆಲ್ಲಗೆ ಅಂದ, "ಜಯನಗರದ ಅಂಗಡೀಲಿ ಇದನ್ನೇ ಪ್ಯಾಕೆಟ್ ಮಾಡಿ ಮಾರ್ತಾರಕ್ಕ. ಓಟ್ಸ್ ಮೇಲೆ ಉದುರಿಸ್ಕೊಂಡು ತಿಂತಾರೆ. ಪೊಲೀಸರೂ ಏನೂ ಅನ್ನಲ್ಲ."

"ಯಾಕಂತಾರೆ? ಸತ್ತಿದೆಯಲ್ಲ!" ಸೀತಮ್ಮ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ಸತ್ತಿದ್ರೆ ಆರೋಗ್ಯಕ್ಕೆ ಒಳ್ಳೇದು, ಮೊಳೆತ್ರೆ ಕೇಸು. ಯಾವ ಸೀಮೆ ನ್ಯಾಯ ಇದು? ಆ ಗಿಡ ಯಾರ ಮನೆ ಹಾಳ್ಮಾಡಿತ್ತು? ತಾತನ ಮದ್ದು ತಿಂದವರು ಎದ್ದು ಓಡಾಡಿದ್ರು ಕಣೋ."

ಹೇಳುತ್ತ ಹೇಳುತ್ತ ಏನೋ ಹೊಳೆದು ತಮ್ಮನ ಕಡೆ ತಿರುಗಿದಳು. "ತೊಳೆದೆ ಅಂದ್ಯಲ್ಲ. ತೇಲಿದ ಬೀಜ ಏನ್ಮಾಡ್ದೆ?"

"ಜೊಳ್ಳಾ? ನೀರಿನ ಜೊತೆ ಕರಿಬೇವಿನ ಕುಂಡಕ್ಕೆ ಚೆಲ್ದೆ. ನಿನ್ನೆ."

ಕುಂಡದ ಮುಂದೆ ಇಬ್ಬರೂ ಕೂತರು. ಮೇಲ್ಮಣ್ಣನ್ನು ಚಮಚದಲ್ಲಿ ಕೆರೆದು ಪೇಪರಿನ ಮೇಲೆ ಹರಡಿದರು. ಪಂಚಾಂಗ ಓದುವ ಭೂತಗನ್ನಡಿ ಹಿಡಿದು ಬದರಿನಾಥ ಒಂದೊಂದು ಬೀಜವನ್ನೂ ಊದಿ ಎತ್ತಿಟ್ಟ. ತೇಲಿದ್ದೆಲ್ಲ ಜೊಳ್ಳೆಂದು ಹೇಳಲಾಗದು, ಹಗುರವಾದದ್ದರಲ್ಲೂ ಒಂದೊಂದಕ್ಕೆ ಉಸಿರಿರುತ್ತದೆ ಎಂದು ಸೀತಮ್ಮ ತರಗತಿಯಲ್ಲಿ ಹೇಳಿದ್ದುಂಟು. ಈಗ ಅದನ್ನು ನಂಬುವುದು ಕಷ್ಟವಾಗಿತ್ತು. ಆಗಲೇ ಎರಡು ಬೀಜ ಉಬ್ಬಿ ಬಾಯಿ ಬಿಡುವಂತಿದ್ದವು. ಅವುಗಳನ್ನು ನೋಡಿ ಅವಳಿಗೆ ಸಂತೋಷದ ಜೊತೆಗೇ ಮೈ ಉರಿಯಿತು. ಇಲ್ಲಿ, ತಾತನ ಹಿತ್ತಲಲ್ಲಿ ಮೊಳೆತರೆ ಅಪರಾಧ. ಬಸ್ಸಿನಲ್ಲಿ ಒಂದು ಗಂಟೆ ಆಚೆ ಮೊಳೆತರೆ ಸಂಶೋಧನೆ.

ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಜವನ್ನು ಸ್ಟೀಲು ಡಬ್ಬಿಯಲ್ಲಿಟ್ಟುಕೊಂಡು ಸೋಮವಾರ ಬೆಳಿಗ್ಗೆ ಬನಶಂಕರಿಯಲ್ಲಿ ಬಸ್ಸು ಹತ್ತಿದಳು. ತೋಟದಲ್ಲಿ ಸುಮೇಧನ ಮುಂದೆ ಇಟ್ಟದ್ದು ಒಂದೇ ಷರತ್ತು: ಇವು ಬೀಜ ಕಟ್ಟುವ ತನಕ ಹಾಲೆಂಡಿನದು ಚೀಲದಿಂದ ಹೊರಗೆ ಬರಕೂಡದು, ಅದರ ಪರಾಗ ತಾಕಿದರೆ ತಾತನ ಗಿಡ ತಾತನದಾಗಿ ಉಳಿಯುವುದಿಲ್ಲ. ಅವನು ತಲೆ ಕೆರೆದುಕೊಂಡ, ಮೇಲಿನವರಿಗೆ ಏನು ಹೇಳಲಿ ಅಂದ, ಕೊನೆಗೆ ಮೇಡಮ್ಮಿನ ಮುಖ ನೋಡಿ ಒಪ್ಪಿದ.

ಎದ್ದದ್ದು ಬೆರಳಲ್ಲಿ ಎಣಿಸುವಷ್ಟು. ದಂಟು ಕೆಂಪಾಗುವ ತನಕ ಸೀತಮ್ಮ ಸರಿಯಾಗಿ ಊಟ ಮಾಡಲಿಲ್ಲ. ಕೆಂಪಾದ ಮೇಲೆ ಇನ್ನೊಂದು ಚಿಂತೆ. ಈ ಜಾತಿಯಲ್ಲಿ ಗಂಡು ಬೇರೆ ಗಿಡ, ಹೆಣ್ಣು ಬೇರೆ ಗಿಡ. ಎಲ್ಲ ಹೆಣ್ಣೇ ಆದರೆ ಬೀಜವಿಲ್ಲ, ಎಲ್ಲ ಗಂಡೇ ಆದರೂ ಇಲ್ಲ. ಆಷಾಢ ಕಳೆದು ಮೊಗ್ಗು ಕಂಡಾಗ ಗಂಡು ಒಂದೇ ಒಂದು, ಅದೂ ಸೊರಗಿದ್ದು.

ಮರುದಿನ ಅವಳು ಹೋಗುವಷ್ಟರಲ್ಲಿ ತೋಟದ ಆಳು ಯಲ್ಲಯ್ಯ ಅದರ ಬುಡಕ್ಕೆ ಕೈ ಹಾಕಿದ್ದ.

"ಬಿಡ್ರೀ ಅದನ್ನ!"

"ಗಂಡು ಕಣಮ್ಮ. ಗಂಡು ಕಿತ್ತಾಕೋದು ಇಲ್ಲಿ ರೂಲ್ಸು. ಮುಂಚೆ ನಾನಿದ್ದ ತೋಟದಲ್ಲೂ ಹಂಗೇ ಮಾಡ್ತಿದ್ವಿ, ಇಲ್ದಿದ್ರೆ ಬೀಜ ಕಟ್ಟಿ ಹೂವು ಕೆಡ್ತದೆ ಅಂತಾರೆ."

"ಅವರಿಗೆ ಹೂವು ಬೇಕು. ನನಗೆ ಮುಂದಿನ ವರ್ಷ ಬೇಕು. ಮುಟ್ಟಿ ನೋಡಿ, ಆಮೇಲೆ ಹೇಳ್ತೀನಿ."

ಯಲ್ಲಯ್ಯ ನಗುತ್ತ ಕೈ ಎತ್ತಿದ. "ಆಯ್ತು ತಾಯಿ, ನೀವೇ ಕಾಯ್ಕೊಳ್ಳಿ."

ಸೀತಮ್ಮ ಹಾಗೇ ಮಾಡಿದಳು. ಮಡಚುವ ಕುರ್ಚಿ, ಕಪ್ಪು ಕೊಡೆ, ನೀರಿನ ಬಾಟಲಿ. ಬೆಳಿಗ್ಗೆ ಬಂದು ಕೂತರೆ ಸಂಜೆ ಬಸ್ಸು. ನಾಲ್ಕನೆಯ ದಿನ ಬದರಿನಾಥ ಪುಳಿಯೋಗರೆ ಕಟ್ಟಿಸಿಕೊಂಡು ಬಂದ. ಬಾಣಲೆಯ ದಿನದಿಂದ ಅಕ್ಕ ಅವನ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು ಅವನು ಅವಳ ಕುರ್ಚಿಯ ಪಕ್ಕ, ಗಂಡುಗಿಡಕ್ಕೂ ಹೆಣ್ಣುಗಿಡಗಳಿಗೂ ನಡುವೆ ನಿಂತ.

"ಆ ಹುರಿದ ಬೀಜ ಹಾಗೇ ಇದೆ. ಏನ್ಮಾಡ್ಲಿ ಅಕ್ಕ?"

"ತಿನ್ನು. ಶುದ್ಧವಾಗಿದೆಯಲ್ಲ."

ಅವನು ತಲೆ ತಗ್ಗಿಸಿದ. ಸಮಾಧಾನ ಮಾಡಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಅಷ್ಟರಲ್ಲಿ ಪಡುವಣದಿಂದ ಗಾಳಿ ಎದ್ದಿತು. ಸೊರಗಿದ ಗಂಡುಗಿಡ ಒಮ್ಮೆ ಮೈ ಕೊಡವಿತು, ಕೊಡೆಯ ಕಪ್ಪು ಬಟ್ಟೆಯ ಮೇಲೆ ಹಳದಿ ಧೂಳು ಸಣ್ಣಗೆ ಕೂತಿತು. ಸೀತಮ್ಮ ಅದನ್ನೇ ನೋಡಿದಳು. ಆಮೇಲೆ ಥಟ್ಟನೆ ಎದ್ದು ಕೊಡೆ ಮಡಚಿದಳು, ಕುರ್ಚಿಯನ್ನು ಪಕ್ಕಕ್ಕೆಳೆದಳು, ತಮ್ಮನ ತೋಳು ಹಿಡಿದು ಜಗ್ಗಿದಳು.

"ಸರ್ಕೊಳ್ಳೋ. ಗಾಳಿಗೆ ಅಡ್ಡ ನಿಂತಿದೀಯ."